ಎರಡು ಊರು, ಒಂದೇ ಖಾತೆ

ಒಂದೇ ಫೈಲು ಎರಡು ಕಡೆ ಇರುವುದು ಈಗ ಸಾಮಾನ್ಯ ಸಂಗತಿ. ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪ್ರಾಜೆಕ್ಟ್ ವರದಿಯನ್ನು ಮನೆಯ ಕಂಪ್ಯೂಟರಿನಲ್ಲಿ ಬರೆಯುತ್ತಾಳೆ. ಅದರ ಪ್ರತಿ ಕಾಲೇಜಿನ ಸರ್ವರಿನಲ್ಲೋ, ಎಲ್ಲೋ ದೂರದಲ್ಲಿರುವ ಕಂಪನಿಯ ಸರ್ವರಿನಲ್ಲೋ ಇರುತ್ತದೆ. ಮನೆಯಲ್ಲಿ ನಾಲ್ಕು ಸಾಲು ಸೇರಿಸಿದಳೆಂದರೆ ಎರಡು ಪ್ರತಿಗಳು ಬೇರೆಬೇರೆಯಾದವು. ಅವನ್ನು ಮತ್ತೆ ಒಂದೇ ಸಮ ಮಾಡುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಸಿಂಕ್ರೊನೈಸೇಷನ್ ಎಂದು ಹೆಸರು; ಬಾಯಿಮಾತಿನಲ್ಲಿ 'ಸಿಂಕ್' ಮಾಡುವುದು.

ಇದರಲ್ಲೇನು ಕಷ್ಟ, ಇಡೀ ಫೈಲನ್ನೇ ಮತ್ತೊಮ್ಮೆ ಕಳಿಸಿದರಾಯಿತು ಎಂದು ತೋರಬಹುದು. ನಾಲ್ಕು ಪುಟದ ಫೈಲಿಗೆ ಆ ಮಾತು ಸರಿ. ಆದರೆ ಫೈಲು ದೊಡ್ಡದು, ಬದಲಾದದ್ದು ಚೂರು, ನಡುವಿನ ದಾರಿ ಕಿರಿದು ಎಂದಾಗ ಹತ್ತು ಸಾಲಿನ ತಿದ್ದುಪಡಿಗಾಗಿ ಇಡೀ ಗ್ರಂಥವನ್ನೇ ಹೊತ್ತೊಯ್ಯಬೇಕಾಗುತ್ತದೆ. ಬದಲಾದದ್ದನ್ನಷ್ಟೇ ಕಳಿಸೋಣವೆಂದರೆ ಯಾವುದು ಬದಲಾಗಿದೆಯೆಂದು ತಿಳಿಯಬೇಕು. ತಿಳಿಯಬೇಕಾದರೆ ಎರಡು ಪ್ರತಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಅಕ್ಕಪಕ್ಕ ಇಡಬೇಕಾದರೆ ಒಂದನ್ನು ಇನ್ನೊಂದರ ಬಳಿಗೆ ಒಯ್ಯಬೇಕು. ಒಯ್ಯುವುದೇ ಬೇಡವೆಂದು ತಾನೇ ಇಷ್ಟೆಲ್ಲ ಯೋಚನೆ! ಹಾಗಾದರೆ ಒಂದನ್ನೊಂದು ನೋಡದೆಯೇ ಎರಡು ಪ್ರತಿಗಳ ವ್ಯತ್ಯಾಸವನ್ನು ಕಂಡುಹಿಡಿಯಲು ಸಾಧ್ಯವೇ?

ಸಾಧ್ಯ. ಹೈಸ್ಕೂಲಿನ ಕೂಡುವ ಕಳೆಯುವ ಲೆಕ್ಕ ಬಲ್ಲವರಿಗೆ ಅದರ ಗುಟ್ಟು ಅರ್ಥವಾಗುತ್ತದೆ.

ಫೋನಿನಲ್ಲಿ ಉದ್ರಿ ಪುಸ್ತಕ

ಅಣ್ಣ ತಮ್ಮ ಇಬ್ಬರು ಕಿರಾಣಿ ವ್ಯಾಪಾರ ಮಾಡುತ್ತಾರೆಂದು ಭಾವಿಸೋಣ. ಅಣ್ಣನದು ತಾಲ್ಲೂಕು ಊರಿನ ಅಂಗಡಿ, ತಮ್ಮನದು ಹೋಬಳಿಯ ಅಂಗಡಿ. ಉದ್ರಿ ಪುಸ್ತಕದ ಒಂದೊಂದು ಪ್ರತಿ ಇಬ್ಬರ ಬಳಿಯೂ ಇದೆ. ಪ್ರತಿ ಪುಟದಲ್ಲಿ 20 ಸಾಲು, ಒಟ್ಟು 100 ಪುಟ. ಅಣ್ಣ ತನ್ನ ಪುಸ್ತಕದಲ್ಲಿ ಎಲ್ಲೋ ಒಂದು ಮೊಬಲಗನ್ನು ತಿದ್ದಿದ್ದಾನೆ. ಯಾವ ಪುಟವೆಂದು ಅವನಿಗೇ ನೆನಪಿಲ್ಲ. ಎಸ್‌ಟಿಡಿ ಫೋನಿನ ಮೀಟರು ಓಡುತ್ತಿದ್ದ ಕಾಲ. 2,000 ಸಾಲುಗಳನ್ನು ಫೋನಿನಲ್ಲಿ ಓದಿ ಹೇಳುವಂತಿಲ್ಲ.

ಲೆಕ್ಕ ಬಲ್ಲ ತಮ್ಮ ಒಂದು ಉಪಾಯ ಮಾಡುತ್ತಾನೆ. ಪ್ರತಿ ಪುಟದ ಕೆಳಗಿರುವ ಮೊತ್ತವನ್ನಷ್ಟೇ ಓದುತ್ತಾನೆ. ಅಣ್ಣ ತನ್ನ ಪುಸ್ತಕದ ಮೊತ್ತಗಳೊಡನೆ ತಾಳೆ ನೋಡುತ್ತಾನೆ. 37ನೆಯ ಪುಟದ ಮೊತ್ತ ಮಾತ್ರ ತಾಳೆಯಾಗುವುದಿಲ್ಲ. ಆಗ ಅಣ್ಣ ಆ ಒಂದು ಪುಟದ 20 ಸಾಲುಗಳನ್ನು ಓದಿ ಹೇಳಿದರೆ ಸಾಕು. 2,000 ಸಾಲಿನ ಬದಲು 100 ಮೊತ್ತ ಮತ್ತು 20 ಸಾಲಿನಲ್ಲಿ ಕೆಲಸ ಮುಗಿಯಿತು.

ಕಂಪ್ಯೂಟರು ಮಾಡುವುದೂ ಇದನ್ನೇ. ಫೈಲಿನಲ್ಲಿರುವುದು ಅಕ್ಷರವಾಗಲಿ, ಚಿತ್ರವಾಗಲಿ, ಹಾಡಾಗಲಿ, ಯಂತ್ರದ ಪಾಲಿಗೆ ಎಲ್ಲವೂ 0ರಿಂದ 255ರವರೆಗಿನ ಅಂಕಿಗಳೇ. ಇಂಥ ಒಂದೊಂದು ಅಂಕಿಗೆ ಬೈಟು ಎಂದು ಹೆಸರು. ಫೈಲನ್ನು ಸಮನಾದ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ಒಂದು ಮೊತ್ತ ಲೆಕ್ಕ ಹಾಕಿ, ಮೊತ್ತಗಳನ್ನು ಮಾತ್ರ ಕಳಿಸಬಹುದು. ಈ ಮೊತ್ತಕ್ಕೆ ಕಂಪ್ಯೂಟರ್ ಪರಿಭಾಷೆಯಲ್ಲಿ ಚೆಕ್‌ಸಮ್ ಎನ್ನುತ್ತಾರೆ. ಕನ್ನಡದಲ್ಲಿ ತಾಳೆಮೊತ್ತ ಎಂದರೆ ತಪ್ಪಾಗಲಾರದು.

ಆದರೆ ಉಪಾಯದಲ್ಲಿ ಒಂದು ತೊಡಕಿದೆ. ಅಣ್ಣ ಮೊಬಲಗನ್ನು ತಿದ್ದುವ ಬದಲು 3ನೆಯ ಪುಟದಲ್ಲಿ ಹೊಸದೊಂದು ಸಾಲನ್ನು ಸೇರಿಸಿದ್ದರೆ? ಆ ಪುಟದ ಕೊನೆಯ ಸಾಲು 4ನೆಯ ಪುಟಕ್ಕೆ ಜಾರುತ್ತದೆ. 4ರ ಕೊನೆಯ ಸಾಲು 5ಕ್ಕೆ. ಹೀಗೆ 100ನೆಯ ಪುಟದವರೆಗೂ ಎಲ್ಲ ಒಂದೊಂದು ಸಾಲು ಕೆಳಗಿಳಿಯುತ್ತವೆ. 3ರಿಂದ ಮುಂದಿನ ಒಂದು ಮೊತ್ತವೂ ತಾಳೆಯಾಗುವುದಿಲ್ಲ. ಬದಲಾದದ್ದು ಒಂದೇ ಸಾಲು, ಬದಲಾದಂತೆ ಕಾಣುವುದು 98 ಪುಟ! ಪ್ರಾಜೆಕ್ಟ್ ವರದಿಯ ಮೊದಲ ಪುಟದಲ್ಲಿ ಒಂದೇ ಒಂದು ಅಕ್ಷರ ಸೇರಿಸಿದರೂ ಇದೇ ಗತಿ.

ಕ್ಯಾನ್‌ಬೆರಾದ ಪರಿಹಾರ

ಈ ತೊಡಕನ್ನು ಅಚ್ಚುಕಟ್ಟಾಗಿ ಬಿಡಿಸಿದವರು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್. ವಿಂಡೋಸ್ ಕಂಪ್ಯೂಟರುಗಳೂ ಯುನಿಕ್ಸ್ ಕಂಪ್ಯೂಟರುಗಳೂ ಪರಸ್ಪರ ಫೈಲು ಹಂಚಿಕೊಳ್ಳಲು ನೆರವಾಗುವ 'ಸಾಂಬಾ' ಎಂಬ ತಂತ್ರಾಂಶವನ್ನು ಆರಂಭಿಸಿದವರೂ ಇವರೇ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿದ್ದಾಗ ಅವರು ಪಾಲ್ ಮ್ಯಾಕೆರಸ್ ಅವರೊಡನೆ 1996ರ ಜೂನ್‌ನಲ್ಲಿ 'ಆರ್‌ಸಿಂಕ್' ಎಂಬ ವಿಧಾನವನ್ನು ಪ್ರಕಟಿಸಿದರು. ಅದೇ ಹೆಸರಿನ ತಂತ್ರಾಂಶವನ್ನೂ ಉಚಿತವಾಗಿ ಹಂಚಿದರು. 1999ರ ಅವರ ಡಾಕ್ಟರೇಟ್ ಪ್ರಬಂಧದಲ್ಲಿ ಇದೇ ವಿಷಯ ವಿಸ್ತಾರವಾಗಿ ಬಂದಿದೆ. ಎರಡು ಯಂತ್ರಗಳ ನಡುವೆ ಇರುವುದು ನಿಧಾನವಾದ ತಂತಿ, ಒಂದು ಪ್ರಶ್ನೆಗೆ ಉತ್ತರ ಬರುವುದೂ ತಡ ಎಂಬ ಗ್ರಹಿಕೆಯ ಮೇಲೆಯೇ ಅವರು ವಿಧಾನವನ್ನು ಕಟ್ಟಿದ್ದರು. ಆದ್ದರಿಂದ ಅದರಲ್ಲಿ ಹತ್ತಾರು ಸಲ ಮಾತುಕತೆಯಿಲ್ಲ. ಒಂದು ಸಲ ಆ ಕಡೆಯಿಂದ ಮೊತ್ತಗಳು, ಒಂದು ಸಲ ಈ ಕಡೆಯಿಂದ ಉತ್ತರ, ಅಷ್ಟೇ.

ಉಪಾಯವನ್ನು ಸಣ್ಣ ಅಂಕಿಗಳಲ್ಲಿ ನೋಡಬಹುದು. ವಿದ್ಯಾರ್ಥಿಗಳು ಕಾಗದ ಪೆನ್ಸಿಲು ತೆಗೆದುಕೊಂಡರೆ ಒಳ್ಳೆಯದು.

ದೂರದ ಸರ್ವರಿನಲ್ಲಿರುವ ಹಳೆಯ ಫೈಲು ಹೀಗಿದೆ ಎನ್ನೋಣ:

7 3 8 2 – 5 1 6 4 – 9 0 2 3

ನಾಲ್ಕು ನಾಲ್ಕು ಅಂಕಿಯ ಮೂರು ತುಂಡುಗಳು. ಅವುಗಳ ಮೊತ್ತ ಕ್ರಮವಾಗಿ 20, 16, 14. ಸರ್ವರು ಈ ಮೂರು ಮೊತ್ತಗಳನ್ನು ಕಳಿಸುತ್ತದೆ.

ಮನೆಯ ಕಂಪ್ಯೂಟರಿನಲ್ಲಿ ಮೊದಲ ತುಂಡಿನ ನಂತರ 6 ಎಂಬ ಒಂದು ಅಂಕಿ ಸೇರಿದೆ. ಹೊಸ ಫೈಲು ಹೀಗಿದೆ:

7 3 8 2 6 5 1 6 4 9 0 2 3

ಇದನ್ನೂ ನಾಲ್ಕು ನಾಲ್ಕಾಗಿ ಕತ್ತರಿಸಿದರೆ 7382, 6516, 4902, ಕೊನೆಗೊಂದು 3 ಉಳಿಯುತ್ತದೆ. ಮೊತ್ತಗಳು 20, 18, 15. ಮೊದಲನೆಯದು ಬಿಟ್ಟು ಬೇರಾವುದೂ ತಾಳೆಯಾಗುವುದಿಲ್ಲ. ಉದ್ರಿ ಪುಸ್ತಕದ ತೊಡಕು ಇಲ್ಲೂ ಬಂತು.

ಹಾಗೆ ಕತ್ತರಿಸಬಾರದು ಎನ್ನುವುದೇ ಆರ್‌ಸಿಂಕ್‌ನ ಯುಕ್ತಿ. ಹಳೆಯ ಫೈಲನ್ನು ಮಾತ್ರ ತುಂಡು ಮಾಡಬೇಕು. ಹೊಸ ಫೈಲಿನ ಮೇಲೆ ನಾಲ್ಕು ಅಂಕಿ ಕಾಣುವಷ್ಟು ಅಗಲದ ಒಂದು ಕಿಟಕಿಯನ್ನು ಇಟ್ಟು ಮುಂದಕ್ಕೆ ಸರಿಸುತ್ತ ಹೋಗಬೇಕು. ರಟ್ಟಿನಲ್ಲಿ ಚೌಕಾಕಾರದ ತೂತು ಕೊರೆದು ಸಾಲಿನ ಮೇಲೆ ಜಾರಿಸಿದಂತೆ.

ಕಿಟಕಿಯಲ್ಲಿ ಮೊದಲು ಕಾಣುವುದು 7382. ಮೊತ್ತ 20. ಸರ್ವರಿನ ಪಟ್ಟಿಯಲ್ಲಿ 20 ಇದೆ. ಇದು ಒಂದನೆಯ ತುಂಡು. ಕಿಟಕಿ ನಾಲ್ಕು ಹೆಜ್ಜೆ ಮುಂದೆ ಹೋಗುತ್ತದೆ. ಈಗ ಕಾಣುವುದು 6516, ಮೊತ್ತ 18. ಪಟ್ಟಿಯಲ್ಲಿ 18 ಇಲ್ಲ. ಹಾಗಾದರೆ ಮೊದಲಿನ 6 ಹೊಸತಿರಬೇಕು. ಅದನ್ನು ಬರೆದುಕೊಂಡು ಕಿಟಕಿಯನ್ನು ಒಂದೇ ಹೆಜ್ಜೆ ಸರಿಸಬೇಕು. ಈಗ 5164 ಕಾಣುತ್ತದೆ, ಮೊತ್ತ 16. ಪಟ್ಟಿಯಲ್ಲಿದೆ! ಇದು ಎರಡನೆಯ ತುಂಡು. ಮತ್ತೆ ನಾಲ್ಕು ಹೆಜ್ಜೆ. 9023, ಮೊತ್ತ 14, ಮೂರನೆಯ ತುಂಡು.

ಮನೆಯಿಂದ ಸರ್ವರಿಗೆ ಹೋಗಬೇಕಾದ ಉತ್ತರ ಇಷ್ಟೇ: 'ನಿನ್ನ ಒಂದನೆಯ ತುಂಡು, ಆಮೇಲೆ 6 ಎಂಬ ಅಂಕಿ, ಆಮೇಲೆ ನಿನ್ನ ಎರಡನೆಯ ಮತ್ತು ಮೂರನೆಯ ತುಂಡು.' ಸರ್ವರು ತನ್ನಲ್ಲಿರುವ ತುಂಡುಗಳನ್ನೇ ಜೋಡಿಸಿ, ನಡುವೆ 6ನ್ನು ಇಟ್ಟು ಹೊಸ ಫೈಲನ್ನು ಕಟ್ಟಿಕೊಳ್ಳುತ್ತದೆ.

ಉರುಳುವ ಮೊತ್ತ

ಒಂದೊಂದೇ ಹೆಜ್ಜೆ ಸರಿಸುತ್ತ ಪ್ರತಿ ಸಲವೂ ಮೊತ್ತ ಹಾಕುವುದು ಬಹಳ ಕೆಲಸವಲ್ಲವೇ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ನಾಲ್ಕು ಅಂಕಿಯ ಕಿಟಕಿಗೆ ಅದು ದೊಡ್ಡದಲ್ಲ. ನಿಜವಾದ ಫೈಲಿನಲ್ಲಿ ತುಂಡಿನ ಅಳತೆ 700 ಬೈಟು ಎನ್ನೋಣ, ಫೈಲು 2 ಕೋಟಿ 40 ಲಕ್ಷ ಬೈಟು. ಪ್ರತಿ ಹೆಜ್ಜೆಗೂ 700 ಅಂಕಿ ಕೂಡಿದರೆ ಒಟ್ಟು 1,680 ಕೋಟಿ ಸಲ ಕೂಡಬೇಕಾದೀತು.

ಕಿಟಕಿ ಒಂದು ಹೆಜ್ಜೆ ಸರಿದಾಗ ಎಡದಲ್ಲಿ ಒಂದು ಅಂಕಿ ಹೊರಗೆ ಹೋಗುತ್ತದೆ, ಬಲದಲ್ಲಿ ಒಂದು ಒಳಗೆ ಬರುತ್ತದೆ. ನಡುವಿನವು ಹಾಗೆಯೇ ಇರುತ್ತವೆ. 6516ರ ಮೊತ್ತ 18. ಹೋದದ್ದು 6, ಬಂದದ್ದು 4. ಹೊಸ ಮೊತ್ತ 18 – 6 + 4 = 16. ಕಿಟಕಿಯ ಅಗಲ ನಾಲ್ಕಿರಲಿ 700 ಇರಲಿ, ಒಂದು ಕಳೆಯುವುದು, ಒಂದು ಕೂಡುವುದು. ಬಸ್ಸಿನ ಕಂಡಕ್ಟರು ಪ್ರತಿ ನಿಲ್ದಾಣದಲ್ಲೂ ಎಲ್ಲ ತಲೆಗಳನ್ನು ಎಣಿಸದೆ ಇಳಿದವರನ್ನು ಕಳೆದು ಹತ್ತಿದವರನ್ನು ಕೂಡಿಕೊಂಡಂತೆ. ಇದನ್ನು ಉರುಳುವ ಮೊತ್ತ ಎನ್ನಬಹುದು. ಸಾಲಿನಲ್ಲಿ ಪದ ಹುಡುಕಲು ಇಂಥ ಉರುಳುವ ಲೆಕ್ಕವನ್ನು ಬಳಸುವ ವಿಧಾನವನ್ನು ರಿಚರ್ಡ್ ಕಾರ್ಪ್ ಮತ್ತು ಮೈಕೆಲ್ ರಾಬಿನ್ 1987ರಲ್ಲೇ ಪ್ರಕಟಿಸಿದ್ದರು.

ಇನ್ನೊಂದು ಅನುಮಾನ ಉಳಿಯುತ್ತದೆ. 7382ರ ಮೊತ್ತ 20. 2837ರ ಮೊತ್ತವೂ 20. ಅಂಕಿಗಳು ಅದಲುಬದಲಾದರೆ ಬರಿಯ ಮೊತ್ತಕ್ಕೆ ಗೊತ್ತಾಗುವುದಿಲ್ಲ. ರಾಮಣ್ಣನ ಸಾಲ ಭೀಮಣ್ಣನ ಹೆಸರಿಗೂ, ಭೀಮಣ್ಣನದು ರಾಮಣ್ಣನ ಹೆಸರಿಗೂ ಬಿದ್ದರೆ ಪುಟದ ಮೊತ್ತ ಬದಲಾಗದು, ಆದರೆ ಜಗಳ ತಪ್ಪದು! ಇದಕ್ಕಾಗಿ ಸ್ಥಾನಕ್ಕೆ ತಕ್ಕ ತೂಕ ಕೊಟ್ಟು ಎರಡನೆಯ ಮೊತ್ತವನ್ನೂ ಹಾಕುತ್ತಾರೆ. ಮೊದಲ ಅಂಕಿಗೆ 4, ಎರಡನೆಯದಕ್ಕೆ 3, ಮೂರನೆಯದಕ್ಕೆ 2, ಕೊನೆಯದಕ್ಕೆ 1ರಿಂದ ಗುಣಿಸಿ ಕೂಡುವುದು. 7382ಕ್ಕೆ 28 + 9 + 16 + 2 = 55. ಆದರೆ 2837ಕ್ಕೆ 8 + 24 + 6 + 7 = 45. ವ್ಯತ್ಯಾಸ ಬಯಲಾಯಿತು. ತೂಕದ ಮೊತ್ತವೂ ಉರುಳುತ್ತದೆ: ಹಳೆಯ ತೂಕದ ಮೊತ್ತದಿಂದ ಹೊರಹೋದ ಅಂಕಿಯ ನಾಲ್ಕರಷ್ಟನ್ನು ಕಳೆದು, ಹೊಸ ಸಾದಾ ಮೊತ್ತವನ್ನು ಕೂಡಿದರಾಯಿತು. 6516ರ ತೂಕದ ಮೊತ್ತ 47. ಮುಂದಿನ ಹೆಜ್ಜೆಗೆ 47 – 24 + 16 = 39. 5164ಕ್ಕೆ ನೇರವಾಗಿ ಹಾಕಿದರೂ 20 + 3 + 12 + 4 = 39. ಆರ್‌ಸಿಂಕ್‌ನ ಈ ಜೋಡಿ ಮೊತ್ತಕ್ಕೆ ಮಾರ್ಕ್ ಆಡ್ಲರ್ ರೂಪಿಸಿದ ತಾಳೆಮೊತ್ತವೇ ಸ್ಫೂರ್ತಿ.

ಇಷ್ಟಾದರೂ ಮೋಸ ಹೋಗುವ ಸಂದರ್ಭ ಇದ್ದೇ ಇದೆ. 8273ನ್ನು ನೋಡಿ. ಮೊತ್ತ 20; ತೂಕದ ಮೊತ್ತ 32 + 6 + 14 + 3 = 55. 7382ಕ್ಕೂ ಇವೇ ಎರಡು ಉತ್ತರಗಳು! ಆದ್ದರಿಂದ ಆರ್‌ಸಿಂಕ್ ಪ್ರತಿ ತುಂಡಿಗೂ ಇನ್ನೊಂದು ಬಲವಾದ ತಾಳೆಮೊತ್ತವನ್ನು ಇಟ್ಟುಕೊಳ್ಳುತ್ತದೆ. ಅದು 128 ಬಿಟ್ಟಿನದು. ಹಾಗೆಂದರೆ ಸಾಧ್ಯವಿರುವ ಉತ್ತರಗಳ ಸಂಖ್ಯೆ 34ರ ಮುಂದೆ 37 ಸೊನ್ನೆ ಇಟ್ಟಷ್ಟು. ಇದನ್ನು ಲೆಕ್ಕ ಹಾಕಲು ಹೆಚ್ಚು ಹೊತ್ತು ಬೇಕು, ಉರುಳಿಸಲೂ ಬರುವುದಿಲ್ಲ. ಆದ್ದರಿಂದ ಹಗುರವಾದ ಮೊತ್ತ ತಾಳೆಯಾದಾಗ ಮಾತ್ರ ಈ ಭಾರವಾದದ್ದನ್ನು ಹಾಕಿ ನೋಡುತ್ತಾರೆ. ಬಾಗಿಲಲ್ಲಿ ಚೀಟಿ ನೋಡುವವನು ಒಬ್ಬ, ಒಳಗೆ ಸಹಿ ಪರೀಕ್ಷಿಸುವವನು ಇನ್ನೊಬ್ಬ ಇದ್ದಂತೆ. ಕೊನೆಗೆ ಇಡೀ ಫೈಲು ಕಟ್ಟಿಯಾದ ಮೇಲೆ ಒಟ್ಟಾರೆ ಮೊತ್ತವನ್ನೂ ತಾಳೆ ನೋಡುತ್ತಾರೆ. ಅದು ತಪ್ಪಿದರೆ ಆ ಫೈಲಿನ ಕೆಲಸ ಮತ್ತೊಮ್ಮೆ ಮೊದಲಿನಿಂದ.

ಫಲವೇನು? ಟ್ರಿಡ್ಜೆಲ್ ಮತ್ತು ಮ್ಯಾಕೆರಸ್ ತಮ್ಮ 1996ರ ವರದಿಯಲ್ಲೇ ಒಂದು ಉದಾಹರಣೆ ಕೊಟ್ಟಿದ್ದಾರೆ. ಲಿನಕ್ಸ್ ಕಾರ್ಯವ್ಯವಸ್ಥೆಯ ಮೂಲಪಠ್ಯದ ಎರಡು ಆವೃತ್ತಿಗಳನ್ನು ತೆಗೆದುಕೊಂಡರು, 1.99.10 ಮತ್ತು 2.0.0. ಪ್ರತಿಯೊಂದೂ ಸುಮಾರು 24 ಮೆಗಾಬೈಟಿನ ಒಂದೇ ಕಟ್ಟು. ಹಳೆಯದರ 2,441 ಫೈಲುಗಳ ಪೈಕಿ 291 ಬದಲಾಗಿದ್ದವು, 19 ಹೋಗಿದ್ದವು, 25 ಹೊಸದಾಗಿ ಬಂದಿದ್ದವು. 700 ಬೈಟಿನ ತುಂಡು ಮಾಡಿದಾಗ ಎರಡೂ ಕಡೆಯಿಂದ ತಂತಿಯ ಮೇಲೆ ಹರಿದ ಮಾಹಿತಿ ಒಟ್ಟು ಸುಮಾರು 21 ಲಕ್ಷ ಬೈಟು. ಆ ದಿನಗಳ 28,800 ಬಿಟ್ ವೇಗದ ಮೋಡೆಮ್ ಸೆಕೆಂಡಿಗೆ 3,600 ಬೈಟು ಸಾಗಿಸುತ್ತಿತ್ತು. ಇಡೀ ಕಟ್ಟನ್ನು ಅದರ ಮೂಲಕ ಕಳಿಸಲು 1 ಗಂಟೆ 51 ನಿಮಿಷ ಬೇಕು. ಈ ವಿಧಾನದಲ್ಲಿ ಸುಮಾರು 10 ನಿಮಿಷ!

ಯಾವುದು ಹೊಸದು?

ಇಲ್ಲಿಯವರೆಗಿನದು ಗಣಿತ, ಮತ್ತು ಗಣಿತದ ಭಾಗ ಗಟ್ಟಿಯಾಗಿದೆ. ಎರಡು ಪ್ರತಿಗಳು ಒಂದೇ ಸಮವಿವೆಯೇ ಇಲ್ಲವೇ ಎಂಬುದನ್ನು ಮೊತ್ತ ಹೇಳುತ್ತದೆ. ಆದರೆ ಅವುಗಳಲ್ಲಿ ಸರಿಯಾದದ್ದು ಯಾವುದು ಎಂಬುದನ್ನು ಯಾವ ಮೊತ್ತವೂ ಹೇಳುವುದಿಲ್ಲ. ವಿದ್ಯಾರ್ಥಿಗಳ ಶ್ರಮ ಹಾಳಾಗುವುದು ಹೆಚ್ಚಾಗಿ ಈ ಎರಡನೆಯ ಪ್ರಶ್ನೆಯಲ್ಲಿ.

ಆರ್‌ಸಿಂಕ್ ಒಮ್ಮುಖದ ಕೆಲಸಗಾರ. 'ಇದು ಮೂಲ, ಅದು ನಕಲು' ಎಂದು ಮನುಷ್ಯ ಹೇಳಬೇಕು. ಅದು ನಕಲನ್ನು ಮೂಲದಂತೆ ಮಾಡುತ್ತದೆ. ಭಾನುವಾರ ಮನೆಯಲ್ಲಿ ಕುಳಿತು ಐದು ಪುಟ ಬರೆದ ಹುಡುಗ ಸೋಮವಾರ ಅವಸರದಲ್ಲಿ ಎರಡು ಹೆಸರುಗಳನ್ನು ಹಿಂದುಮುಂದಾಗಿ ಬರೆದರೆ, ಸರ್ವರಿನಲ್ಲಿದ್ದ ಶನಿವಾರದ ಹಳೆಯ ಪ್ರತಿ ಮನೆಯ ಹೊಸ ಪ್ರತಿಯ ಮೇಲೆ ಬಂದು ಕೂರುತ್ತದೆ. ಯಂತ್ರ ತಪ್ಪು ಮಾಡಲಿಲ್ಲ. ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಮಾಡಿತು.

ಹಾಗಾದರೆ ಹೊಸ ತಾರೀಖಿನ ಫೈಲೇ ಸರಿ ಎಂದು ನಿಯಮ ಮಾಡಿದರೆ? ತಾರೀಖು ಬರುವುದು ಕಂಪ್ಯೂಟರಿನ ಗಡಿಯಾರದಿಂದ. ವಿದ್ಯುತ್ತು ಇಲ್ಲದಿದ್ದಾಗ ಆ ಗಡಿಯಾರವನ್ನು ನಡೆಸುವುದು ಒಳಗಿರುವ ನಾಣ್ಯದ ಆಕಾರದ ಒಂದು ಪುಟ್ಟ ಬ್ಯಾಟರಿ. ಹಳೆಯ ಕಂಪ್ಯೂಟರಿನಲ್ಲಿ ಅದು ಸತ್ತಿದ್ದರೆ ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಗಡಿಯಾರ ಎಷ್ಟೋ ವರ್ಷ ಹಿಂದಿನ ತಾರೀಖನ್ನು ತೋರಿಸುತ್ತದೆ. ಇಂಟರ್‌ನೆಟ್ ಸಿಕ್ಕರೆ ತಾನೇ ಸರಿಮಾಡಿಕೊಂಡೀತು. ಸಿಗದಿದ್ದರೆ ಇಂದು ಬರೆದ ಫೈಲಿಗೆ ಹಳೆಯ ತಾರೀಖು ಬೀಳುತ್ತದೆ. ಆಗ ಹೊಸದೇ ಹಳೆಯದಾಗುತ್ತದೆ. ಪೆನ್‌ಡ್ರೈವ್‌ಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್ ಎಂಬ ವ್ಯವಸ್ಥೆಯಂತೂ ವೇಳೆಯನ್ನು 2 ಸೆಕೆಂಡಿಗೊಮ್ಮೆ ಮಾತ್ರ ಗುರುತಿಸುತ್ತದೆ. ಹೀಗಾಗಿ ಬದಲಾಗದ ಫೈಲೂ ಬದಲಾದಂತೆ ಕಾಣಬಹುದು. ಆರ್‌ಸಿಂಕ್ ಕೂಡ ಕೆಲಸ ಉಳಿಸಲು ಮೊದಲು ಫೈಲಿನ ಗಾತ್ರ ಮತ್ತು ತಾರೀಖು–ವೇಳೆಯನ್ನಷ್ಟೇ ನೋಡುತ್ತದೆ. ಎರಡೂ ಒಂದೇ ಆಗಿದ್ದರೆ ಒಳಗೆ ಇಣುಕದೆ ಮುಂದೆ ಹೋಗುತ್ತದೆ. ಇಣುಕಲೇಬೇಕೆಂದರೆ ಹಾಗೆಂದು ಪ್ರತ್ಯೇಕವಾಗಿ ಹೇಳಬೇಕು.

ಗಡಿಯಾರ ಸರಿಯಿದ್ದರೂ ಸಮಸ್ಯೆ ಮುಗಿಯುವುದಿಲ್ಲ. ಜೊತೆಯಾಗಿ ಪ್ರಾಜೆಕ್ಟ್ ಮಾಡುವ ಇಬ್ಬರು ಗೆಳತಿಯರಲ್ಲಿ ಒಬ್ಬಳು ಮನೆಯಲ್ಲಿ ಮೂರನೆಯ ಅಧ್ಯಾಯವನ್ನು, ಇನ್ನೊಬ್ಬಳು ಕಾಲೇಜಿನಲ್ಲಿ ಐದನೆಯ ಅಧ್ಯಾಯವನ್ನು ಒಂದೇ ದಿನ ತಿದ್ದಿದರು ಎನ್ನೋಣ. ಹತ್ತು ನಿಮಿಷ ತಡವಾಗಿ ಉಳಿಸಿದವಳ ಪ್ರತಿ ಹೊಸದೆಂದು ಗೆಲ್ಲುತ್ತದೆ. ಮೊದಲನೆಯವಳ ಇಡೀ ದಿನದ ಶ್ರಮ ಸದ್ದಿಲ್ಲದೆ ಹೋಗುತ್ತದೆ. ಇಲ್ಲಿ ಎರಡೂ ಹೊಸವೇ, ಎರಡೂ ಬೇಕು. ಡ್ರಾಪ್‌ಬಾಕ್ಸ್‌ನಂಥ ಸೇವೆಗಳು ಇಂಥ ಘರ್ಷಣೆ ಕಂಡಾಗ ಎರಡನೆಯ ಪ್ರತಿಯನ್ನು ಬೇರೆ ಹೆಸರಿನಲ್ಲಿ ಪಕ್ಕದಲ್ಲೇ ಇಡುತ್ತವೆ. ಆ ವಿಚಿತ್ರ ಹೆಸರಿನ ಫೈಲನ್ನು ಕಸವೆಂದು ಅಳಿಸುವವರು ಬಹಳ. ತೆರೆದು ನೋಡಿ ಎರಡನ್ನೂ ಕೂಡಿಸುವ ಕೆಲಸ ಮನುಷ್ಯನದೇ.

ಇದಕ್ಕಿಂತ ಸ್ವಾರಸ್ಯವಾದ ಪ್ರಶ್ನೆ ಇನ್ನೊಂದಿದೆ. ಒಂದು ಫೈಲು ಮನೆಯಲ್ಲಿದೆ, ಸರ್ವರಿನಲ್ಲಿ ಇಲ್ಲ. ಮನೆಯಲ್ಲಿ ಹೊಸದಾಗಿ ಮಾಡಿದ್ದೇ, ಅಥವಾ ಸರ್ವರಿನಲ್ಲಿ ಬೇಡವೆಂದು ಅಳಿಸಿದ್ದೇ? ಮೊದಲನೆಯದಾದರೆ ಸರ್ವರಿಗೆ ಕಳಿಸಬೇಕು. ಎರಡನೆಯದಾದರೆ ಮನೆಯಲ್ಲೂ ಅಳಿಸಬೇಕು. ಎರಡು ಕೆಲಸಗಳೂ ತದ್ವಿರುದ್ಧ. ಎರಡು ಕಡೆಯ ಇಂದಿನ ಸ್ಥಿತಿಯನ್ನು ಎಷ್ಟು ದಿಟ್ಟಿಸಿ ನೋಡಿದರೂ ಉತ್ತರ ಸಿಗುವುದಿಲ್ಲ. ಬೇಕಾದದ್ದು ನೆನಪು. ಹಿಂದಿನ ಸಲ ಎರಡೂ ಕಡೆ ಸರಿಹೊಂದಿಸಿದಾಗ ಈ ಫೈಲು ಇತ್ತೇ? ಇದ್ದರೆ ಆಮೇಲೆ ಒಂದು ಕಡೆ ಅಳಿಸಿದ್ದಾರೆ. ಇರದಿದ್ದರೆ ಆಮೇಲೆ ಒಂದು ಕಡೆ ಹೊಸದಾಗಿ ಮಾಡಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಬೆಂಜಮಿನ್ ಪಿಯರ್ಸ್ ಮುಂದಾಳುತನದಲ್ಲಿ ರೂಪುಗೊಂಡ 'ಯೂನಿಸನ್' ಎಂಬ ಇಮ್ಮುಖದ ತಂತ್ರಾಂಶ ಇಂಥ ನೆನಪಿನ ಪಟ್ಟಿಯನ್ನು ಇಟ್ಟುಕೊಳ್ಳುತ್ತದೆ. ಎರಡೂ ಕಡೆ ಬದಲಾಗಿರುವ ಫೈಲು ಸಿಕ್ಕರೆ ತಾನೇ ತೀರ್ಮಾನಿಸದೆ ಬಳಸುವವರನ್ನು ಕೇಳುತ್ತದೆ. ಅಣ್ಣ ತಮ್ಮಂದಿರ ಲೆಕ್ಕದಲ್ಲಿ ಹೇಳುವುದಾದರೆ, ಇಬ್ಬರೂ ಒಪ್ಪಿ ಸಹಿ ಹಾಕಿದ ಕಳೆದ ತಿಂಗಳ ಪುಸ್ತಕ ಮೂರನೆಯದಾಗಿ ಪೆಟ್ಟಿಗೆಯಲ್ಲಿರಬೇಕು.

ಸಿಂಕ್ ಬೇರೆ, ಭದ್ರಪ್ರತಿ ಬೇರೆ

ತಂದೆ ತಾಯಂದಿರು ಮುಖ್ಯವಾಗಿ ಗಮನಿಸಬೇಕಾದದ್ದು ಇದು. ಫೋಟೋಗಳು ಫೋನಿನಲ್ಲೂ ಇವೆ, ಸರ್ವರಿನಲ್ಲೂ ಇವೆ, ಆದ್ದರಿಂದ ಭದ್ರ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಸಿಂಕ್‌ನ ಉದ್ದೇಶ ಎರಡೂ ಕಡೆ ಒಂದೇ ಸಮ ಇಡುವುದು. ಫೋನಿನಲ್ಲಿ ಜಾಗ ಸಾಲದೆಂದು ಮಗಳ ನಾಮಕರಣದ ಫೋಟೋಗಳನ್ನು ಅಳಿಸಿದರೆ, ಸಿಂಕ್ ಆಗುವ ಖಾತೆಯಲ್ಲಿ ಅವು ಸರ್ವರಿನಿಂದಲೂ ಹೋಗಬಹುದು. ಉಚಿತ ಖಾತೆಗಳ ಕಸದ ಬುಟ್ಟಿಯಲ್ಲಿ ಅಳಿಸಿದ ಫೈಲು ಉಳಿಯುವುದು ಸಾಮಾನ್ಯವಾಗಿ 30 ದಿನ. ಅಷ್ಟರಲ್ಲಿ ಯಾರಿಗೂ ನೆನಪಾಗದಿದ್ದರೆ ಮುಗಿಯಿತು. ವೈರಸ್ ಹೊಕ್ಕು ಕೆಡಿಸಿದ ಫೈಲೂ ಅಷ್ಟೇ ನಿಷ್ಠೆಯಿಂದ ಸರ್ವರಿಗೆ ಹೋಗುತ್ತದೆ. ಕನ್ನಡಿಯಲ್ಲಿ ಮುಖದ ಕಲೆಯೂ ಕಾಣುತ್ತದೆ, ಅಷ್ಟೆ.

ಭದ್ರಪ್ರತಿ ಎಂದರೆ, ಅಂದರೆ ಬ್ಯಾಕಪ್, ಬದಲಾಗದೆ ಕುಳಿತಿರುವ ಬೇರೆ ಪ್ರತಿ. ಅದು ನಿನ್ನೆಯದನ್ನು ನಿನ್ನೆಯದಾಗಿಯೇ ಇಟ್ಟುಕೊಂಡಿರುತ್ತದೆ. ಅದಕ್ಕೆ ದೊಡ್ಡ ಖರ್ಚೇನೂ ಬೇಕಾಗಿಲ್ಲ. ವಾರಕ್ಕೊಮ್ಮೆ ವರದಿಯನ್ನು ತಾರೀಖು ಸೇರಿಸಿದ ಹೆಸರಿನಲ್ಲಿ ಪೆನ್‌ಡ್ರೈವಿಗೋ ಹಾರ್ಡ್ ಡಿಸ್ಕಿಗೋ ಹಾಕಿ, ತಂತಿ ಕಳಚಿ, ಬೀರುವಿನಲ್ಲಿಟ್ಟರೆ ಸಾಕು. ತಂತಿ ಕಳಚುವುದು ಮುಖ್ಯ. ಜೋಡಿಸಿಕೊಂಡೇ ಇರುವ ಡಿಸ್ಕಿಗೆ ಕಂಪ್ಯೂಟರಿನ ಕೇಡು ತಾಗುವುದು ತಡವಲ್ಲ. ಆಗಾಗ ಆ ಪ್ರತಿಯನ್ನು ತೆರೆದೂ ನೋಡಬೇಕು.

ಆರ್‌ಸಿಂಕನ್ನೇ ಬಳಸುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮೂರು ಕಿವಿಮಾತು. ಮೂಲದಲ್ಲಿ ಇಲ್ಲದ್ದನ್ನು ನಕಲಿನಲ್ಲೂ ಅಳಿಸು ಎಂಬ ಆಜ್ಞೆ ಅದರಲ್ಲಿದೆ. ತಾನಾಗಿ ಅದು ಏನನ್ನೂ ಅಳಿಸುವುದಿಲ್ಲ, ಕೇಳಿದರೆ ಅಳಿಸುತ್ತದೆ. ಆದ್ದರಿಂದ ಅರ್ಥವಾಗದೆ ಆ ಆಜ್ಞೆಯನ್ನು ಸೇರಿಸಬಾರದು. ಏನನ್ನೂ ಮಾಡದೆ, ಏನೇನು ಮಾಡಲಿದ್ದೇನೆ ಎಂದು ಪಟ್ಟಿ ಮಾತ್ರ ತೋರಿಸುವ 'ಡ್ರೈ ರನ್' ಎಂಬ ಸೌಲಭ್ಯವೂ ಇದೆ. ಮೊದಲು ಅದನ್ನು ನಡೆಸಿ, ಪಟ್ಟಿ ಓದಿ, ಆಮೇಲೆ ನಿಜವಾದದ್ದನ್ನು ನಡೆಸಬೇಕು. ಮೂರನೆಯದಾಗಿ, ಬದಲಾಗುವ ಫೈಲುಗಳ ಹಳೆಯ ಪ್ರತಿಯನ್ನು ಎತ್ತಿಡು ಎಂದೂ ಹೇಳಬಹುದು. ಪರೀಕ್ಷೆಯ ಹಿಂದಿನ ವಾರ ಈ ಮೂರರ ಬೆಲೆ ತಿಳಿಯುತ್ತದೆ.

ಜೊತೆಯಾಗಿ ಕೆಲಸ ಮಾಡುವವರು ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ಅಧ್ಯಾಯಕ್ಕೊಂದು ಬೇರೆ ಫೈಲು, ಒಂದು ಫೈಲಿಗೆ ಒಬ್ಬರೇ ಯಜಮಾನರು. ಉದ್ರಿ ಪುಸ್ತಕದಲ್ಲಿ ಬರೆಯುವವನು ಅಣ್ಣ, ನೋಡಿಕೊಳ್ಳುವವನು ತಮ್ಮ ಎಂದು ಗೊತ್ತಾಗಿದ್ದರೆ ಜಗಳಕ್ಕೆ ಎಡೆಯೇ ಇರುವುದಿಲ್ಲ.

ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. 7382 ಮತ್ತು 8273 ಎರಡೂ ಮೊತ್ತಗಳಲ್ಲಿ ಅವಳಿಗಳು ಎಂಬುದನ್ನು ಮೇಲೆ ನೋಡಿದಿರಿ. 5164ಕ್ಕೂ ಇಂಥ ಅವಳಿಗಳಿವೆ, ಕನಿಷ್ಠ ಎರಡು. ಅಂದರೆ ಸಾದಾ ಮೊತ್ತ 16, ತೂಕದ ಮೊತ್ತ 39 ಬರುವ ಬೇರೆ ನಾಲ್ಕು ಅಂಕಿಗಳ ಸಾಲುಗಳು. ಒಂದು ಅಂಕಿಯನ್ನು ಹೆಚ್ಚಿಸಿದರೆ ಯಾವುದನ್ನು ಕಡಿಮೆ ಮಾಡಬೇಕೆಂದು ಯೋಚಿಸಿ ಅವನ್ನು ಹುಡುಕಿ. ಸಿಕ್ಕಿದ ಮೇಲೆ ಇನ್ನೊಂದು ಪ್ರಶ್ನೆ: ಅಂಕಿಗಳು ಮೂರೇ ಇದ್ದು, ತೂಕ 3, 2, 1 ಆಗಿದ್ದರೆ ಅವಳಿಗಳು ಹೇಗಿರುತ್ತವೆ?